ಪರದೆಗೆ ಉಡಿ ತುಂಬಿದವರು

ಝಳಕಿಯ ರೇವವ್ವ ತೀರಿಕೊಂಡದ್ದು ಎಪ್ಪತ್ತೊಂಬತ್ತರ ಮಾಘದಲ್ಲಿ. ಮಗಳು ಮಣ್ಣಿಗೆ ಬರಲಿಲ್ಲ. ದೇವರ ಹಿಪ್ಪರಗಿ ಏನು ಸಮುದ್ರದಾಚೆ ಇದೆಯೇ, ಎರಡು ಬಸ್ಸು ಹತ್ತಿ ಇಳಿದರೆ ಮುಗಿಯಿತು. ಹೆತ್ತ ತಾಯಿಯ ಮುಖವನ್ನು ಕಡೆಗೊಮ್ಮೆ ನೋಡಲು ಬಾರದವಳು ಎಂಥ ಮಗಳು ಎಂದು ಓಣಿಯ ಹೆಂಗಸರೆಲ್ಲ ಆ ಹುಡುಗಿಗೆ ಹಿಡಿಹಿಡಿ ಶಾಪ ಹಾಕಿದರಂತೆ. ಹಾಕಬೇಕಾಗಿದ್ದದ್ದು ನನಗೆ. ಯಾರದೋ ಟಪಾಲು ಯಾರದೋ ಮನೆಗೆ ಹೋದ ಹಾಗೆ ಆಯಿತು. ಅದನ್ನು ಸರಿಯಾದ ಮನೆಗೆ ಮುಟ್ಟಿಸಲಿಕ್ಕೆಂದೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಹೆಸರು ಬಂದಗಿಸಾಬ. ಶ್ರೀಶೈಲಪ್ಪನವರ ಟೂರಿಂಗ್ ಟಾಕೀಸಿನಲ್ಲಿ ಹದಿನಾಲ್ಕು ವರ್ಷ ಕೂಗುವ ಕೆಲಸ ಮಾಡಿದವನು. ಇಂಡಿಯಲ್ಲಿ ಎರಡು ತಿಂಗಳು, ಸಿಂದಗಿಯಲ್ಲಿ ಎರಡು ತಿಂಗಳು, ಆಮೇಲೆ ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಡುವೆ ಸಣ್ಣಪುಟ್ಟ ಊರು. ಮಳೆಗಾಲ ಬಂದರೆ ಡೇರೆ ಸುತ್ತಿ ಇಡುವುದು. ಊರಿಗೆ ಹೊಸ ಆಟ ಬಂದರೆ ಟಾಂಗಾದ ಹಿಂದೆ ಧ್ವನಿವರ್ಧಕದ ಕರ್ಣ ಕಟ್ಟಿಕೊಂಡು, ಮೈಕು ಹಿಡಿದು, ಸಂತೆ ಸುತ್ತಿ ಬರುವವನು ನಾನು. ಟಾಂಗಾದ ಕುದುರೆಗೆ ಕಣ್ಣಿಗೆ ಪಟ್ಟಿ ಇತ್ತು, ಬಾಯಿಗೆ ಕಡಿವಾಣ ಇತ್ತು. ನನಗೆ ಎರಡೂ ಇರಲಿಲ್ಲ.

ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ಕೊಲ್ಹಾಪುರದ ಕಡೆಯಿಂದ ಒಂದು ಸಿನಿಮಾ ತಂಡ ಝಳಕಿಯ ಹತ್ತಿರದ ಹಾಳು ವಾಡೆಗೆ, ಅಂದರೆ ಪಾಳುಬಿದ್ದ ಹಳೆಯ ದೊಡ್ಡಮನೆಗೆ ಬಂದಿಳಿಯಿತು. ತಂಡ ಎಂದರೆ ಹನ್ನೊಂದು ಜನ, ಎರಡು ದೀಪ, ಒಂದು ಕ್ಯಾಮೆರಾ, ಅದಕ್ಕೆ ಹೊದಿಸಲು ಒಂದು ಕಂಬಳಿ. ಅವರಿಗೆ ವಿದ್ಯುತ್ತಿಲ್ಲ, ನಮ್ಮಲ್ಲಿ ಜನರೇಟರ್ ಇತ್ತು. ಅದರ ಜೊತೆ ನನ್ನನ್ನೂ ಶ್ರೀಶೈಲಪ್ಪನವರು ಕಳಿಸಿಕೊಟ್ಟರು. ಹೀಗಾಗಿ ಕನ್ನಡದ ಒಂದು ದೆವ್ವ ಹೇಗೆ ಹುಟ್ಟಿತು ಎಂಬುದನ್ನು ಕಣ್ಣಾರೆ ಕಂಡವರಲ್ಲಿ ನಾನೂ ಒಬ್ಬ.

ಸಿನಿಮಾದ ಹೆಸರು ‘ಹಾಳು ವಾಡೆಯ ಹಸಿರು ಸೀರೆ’. ಕತೆ ಒಂದು ಹಿಡಿಯಷ್ಟು. ವಾಡೆಯ ಸೊಸೆ ಏಳು ತಿಂಗಳ ಬಸುರಿ. ನಾಳೆ ಕುಬಸ, ಅಂದರೆ ತವರಿನವರು ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಉಡಿ ತುಂಬುವ ದಿನ. ಇವತ್ತೇ ಅವಳನ್ನು ಬಾವಿಗೆ ನೂಕುತ್ತಾರೆ. ತುಂಬದ ಉಡಿಯ ಆಸೆ ಹೊತ್ತು ಅವಳು ದೆವ್ವವಾಗಿ ಬರುತ್ತಾಳೆ. ‘ನನ್ನ ಉಡಿ ತುಂಬ್ರೇ’ ಎಂದು ಸೆರಗು ಚಾಚುತ್ತಾಳೆ. ಯಾರೂ ತುಂಬುವುದಿಲ್ಲ, ಒಬ್ಬೊಬ್ಬರಾಗಿ ಸಾಯುತ್ತಾರೆ. ಇಷ್ಟೇ.

ದೆವ್ವದ ಪಾತ್ರಕ್ಕೆಂದು ಕರೆತಂದ ನಟಿ ಮೂರನೆಯ ದಿನ ಪೆಟ್ಟಿಗೆ ಕಟ್ಟಿದಳು. ಅವಳೇ ಮೂರು ತಿಂಗಳ ಬಸುರಿಯಂತೆ. ಬಸುರಿ ಸಾಯುವ ವೇಷ ಹಾಕುವುದಿಲ್ಲ ಎಂದು ಸೊಲ್ಲಾಪುರದ ಬಸ್ಸು ಹತ್ತಿಯೇಬಿಟ್ಟಳು. ಡೈರೆಕ್ಟರ್ ಸಾಹೇಬ ತಲೆಯ ಮೇಲೆ ಕೈ ಹೊತ್ತು ಕೂತ. ಆಗ ತಂಡಕ್ಕೆ ನೀರು ಹೊರುತ್ತಿದ್ದ ಹೆಂಗಸೊಬ್ಬಳು ತುಂಬಿದ ಕೊಡ ಹೊತ್ತು ವಾಡೆಯ ಬಾಗಿಲಲ್ಲಿ ಬಗ್ಗಿ ಒಳಬಂದಳು. ಬಗ್ಗಬೇಕಾದಷ್ಟು ಎತ್ತರ, ಮೊಣಕಾಲು ಮುಟ್ಟುವ ಕೂದಲು. ಸಾಹೇಬನ ಕಣ್ಣು ಅಲ್ಲೇ ನಿಂತಿತು. ಅವಳೇ ರೇವವ್ವ.

ಕುರುಬರ ಹೆಣ್ಣುಮಗಳು. ಗಂಡ ಕುರಿ ಹೊಡೆದುಕೊಂಡು ಭೀಮೆಯ ದಂಡೆಗೆ ಹೋದವನು ಜ್ವರ ಬಂದು ಅಲ್ಲೇ ತೀರಿಹೋಗಿದ್ದ. ಅದಾಗಿ ಹನ್ನೆರಡು ವರ್ಷ. ಅವರಲ್ಲಿ ಎರಡನೆಯ ಮದುವೆ ನಡೆಯುತ್ತದೆ, ಉಡಕಿ ಎನ್ನುತ್ತಾರೆ. ಹಿರಿಯರು ಹೇಳಿದರೂ ರೇವವ್ವ ಒಪ್ಪಿರಲಿಲ್ಲ. ಬಂದವನು ಮಗಳು ಇಂದ್ರಾಳನ್ನು ತನ್ನ ಮಗಳೆಂದಾನೋ ಇಲ್ಲವೋ ಎಂಬ ಅಂಜಿಕೆ. ಉಣ್ಣೆ ನೂತು, ನೀರು ಹೊತ್ತು ಇಂದ್ರಾಬಾಯಿಯನ್ನು ಬೆಳೆಸಿದಳು.

ಸಾಹೇಬ ಕೇಳಿದಾಗ ಅವಳು ಮೊದಲು ನಕ್ಕಳು. ಆಮೇಲೆ ಪೆಟ್ಟಿಗೆಯಲ್ಲಿದ್ದ ಹಸಿರು ಸೀರೆ, ಹಸಿರು ಬಳೆ ನೋಡಿದಳು. ‘ಇವನ್ನ ನಾ ಇಟಗೋಬೇಕೇನ್ರಿ?’ ಎಂದಳು. ಹೌದು ಎಂದರು. ‘ಉಡೀನೂ ತುಂಬ್ತಾರೇನ್ರಿ?’ ಎಂದಳು. ಒಂದು ದೃಶ್ಯದಲ್ಲಿ ತುಂಬುವಂತೆ ಮಾಡುತ್ತಾರೆ, ಆಮೇಲೆ ಅಕ್ಕಿ ಚೆಲ್ಲುತ್ತಾರೆ ಎಂದರು. ಅವಳು ಕೊಡ ಇಳಿಸಿ ಬಂದು ಕೂತಳು. ಕೂಲಿ ಎಷ್ಟು ಎಂದು ಕೇಳಲೇ ಇಲ್ಲ. ಗಂಡ ಸತ್ತವಳಿಗೆ ನಮ್ಮ ಕಡೆ ಬಳೆ ಇಲ್ಲ, ಅವಳ ಉಡಿ ಯಾರೂ ತುಂಬುವುದಿಲ್ಲ, ತುಂಬಿದರೆ ತುಂಬಿದವಳಿಗೂ ಕೇಡು ಎನ್ನುತ್ತಾರೆ. ಎಂಟು ದಿನ ಶೂಟಿಂಗ್ ನಡೆಯಿತು. ಕ್ಯಾಮೆರಾ ನಿಂತ ಮೇಲೂ ರೇವವ್ವ ಸುಮ್ಮಸುಮ್ಮನೆ ಕೈ ಅಲ್ಲಾಡಿಸುವುದನ್ನು ನಾನು ನೋಡಿದೆ. ‘ಹನ್ನೆರಡು ವರ್ಷ ಆತು ಯಣ್ಣಾ, ಕೈಯಾಗ ಸಪ್ಪಳಿಲ್ಲ’ ಎಂದಳು. ಕಡೆಯ ದಿನ ಸಾಬೂನು ಹಚ್ಚಿ ಒಂದೊಂದೇ ಬಳೆಯನ್ನು ಒಡೆಯದಂತೆ ತೆಗೆದು ಪೆಟ್ಟಿಗೆಗೆ ಹಾಕಿದಳು. ನೀರಿನ ಕೊಡ ಎತ್ತಿಕೊಳ್ಳುವಾಗ ನನ್ನಿಂದ ಮಾತು ತೆಗೆದುಕೊಂಡಳು.

‘ಯಾರ ಮುಂದೂ ನನ್ನ ಹೆಸರು ಹೇಳಬ್ಯಾಡ ಯಣ್ಣಾ. ನಾಳಿ ಮಗಳನ್ನ ಕೊಡೂದೈತಿ.’

‘ಅಲ್ಲಾನ ಆಣಿ, ಹೇಳಂಗಿಲ್ಲವ್ವ’ ಎಂದೆ.

ಎರಡು ವರ್ಷದ ಮೇಲೆ ಸಿನಿಮಾ ನಮ್ಮ ಡೇರೆಗೆ ಬಂತು. ಅದನ್ನು ಸಿನಿಮಾ ಎನ್ನಬಹುದೋ ಇಲ್ಲವೋ ಎಂದು ನಮ್ಮ ಆಪರೇಟರನೇ ಕೇಳಿದ. ದೆವ್ವದ ಪಾದ ಹಿಂದುಮುಂದಾಗಿ ಕಾಣಲೆಂದು ಚಪ್ಪಲಿಯನ್ನು ತಿರುಗಿಸಿ ಕಟ್ಟಿದ್ದರು, ದಾರ ಕಾಣುತ್ತಿತ್ತು. ಮಂಜು ಎಂದರೆ ಹಸಿ ಕುಳ್ಳಿನ, ಸಗಣಿ ಬೆರಣಿಯ ಹೊಗೆ. ಹೊಗೆಯಲ್ಲಿ ನಾಯಕ ಕೆಮ್ಮಿದ್ದನ್ನು ಹಾಗೇ ಬಿಟ್ಟಿದ್ದರು. ಕರಿ ಬೆಕ್ಕು ಸಿಗದೆ ಬಿಳಿ ಬೆಕ್ಕಿಗೆ ದೀಪದ ಕಾಡಿಗೆ ಬಳಿದಿದ್ದರು, ಅದು ಪರದೆಯ ಮೇಲೆಯೇ ತನ್ನನ್ನು ನೆಕ್ಕಿಕೊಂಡು ಬೆಳ್ಳಗಾಗುತ್ತಿತ್ತು. ಸತ್ತು ಬಿದ್ದ ಮಾವ ನೊಣ ಕೂತಾಗ ಮೂಗು ಅಲ್ಲಾಡಿಸಿದ. ಇದನ್ನೆಲ್ಲ ನೋಡಿ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಗುತ್ತಿದ್ದವರೇ ರೇವವ್ವ ಬಂದೊಡನೆ ಬಾಯಿ ಮುಚ್ಚುತ್ತಿದ್ದರು. ಮುಖಕ್ಕೆ ಬಿಳಿ ಬಣ್ಣ, ಬಿಚ್ಚಿದ ಕೂದಲು, ದನಿಯೂ ಅವಳದಲ್ಲ, ಹುಬ್ಬಳ್ಳಿಯ ಯಾವಳದೋ. ಆದರೆ ಸೆರಗು ಚಾಚುವ ಆ ಎರಡು ಕೈ ಅವಳವೇ. ಬೇಡುವುದನ್ನು ಆ ಹನ್ನೊಂದು ಜನರಲ್ಲಿ ಯಾರೂ ಅವಳಿಗೆ ಕಲಿಸಿರಲಿಲ್ಲ. ದೊಡ್ಡ ದೊಡ್ಡ ಕಂಪನಿಯ ಎಷ್ಟೋ ಚಿತ್ರ ನಮ್ಮ ಪರದೆಯ ಮೇಲೆ ಓಡಿವೆ, ಒಂದರ ಹೆಸರೂ ಈಗ ನೆನಪಿಲ್ಲ. ಈ ದಾರ ಕಾಣುವ ದೆವ್ವ ಮಾತ್ರ ನೆನಪಿದೆ. ಸುಳ್ಳೆಲ್ಲ ಎದುರಿಗೇ ಕಾಣುತ್ತಿದ್ದರೆ ಉಳಿದ ಒಂದು ನಿಜ ನೇರವಾಗಿ ಎದೆಗೆ ಬರುತ್ತದೆ ಎಂದು ನನಗೆ ಅನ್ನಿಸುತ್ತದೆ. ಕಲಿತವರು ಬೇರೆ ಕಾರಣ ಹೇಳಿಯಾರು.

ಸಿಂದಗಿಯಲ್ಲಿ ಎರಡನೆಯ ದಿನ ನಡೆದದ್ದನ್ನು ನಾವು ಯಾರೂ ನೆನೆಸಿರಲಿಲ್ಲ. ದೆವ್ವ ಸೆರಗು ಚಾಚಿದ ಹೊತ್ತಿಗೆ ಹೆಂಗಸರ ಕಡೆಯಿಂದ ಒಬ್ಬ ಮುದುಕಿ ಎದ್ದಳು. ಸೆರಗಿನ ಗಂಟು ಬಿಚ್ಚುತ್ತ ಪರದೆಯ ಬುಡಕ್ಕೆ ಹೋಗಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು ಸುರಿದು, ‘ತಗೋ ಯವ್ವಾ, ನನ್ನ ಸೊಸಿ ಬಸುರಿ ಅದಾಳ, ಆಕಿ ತಂಟೇಕ ಬರಬ್ಯಾಡ’ ಎಂದು ಕೈ ಮುಗಿದು ಬಂದು ಕೂತಳು. ಯಾರೂ ನಗಲಿಲ್ಲ. ಮರುದಿನ ಆರು ಮಂದಿ. ವಾರ ತುಂಬುವುದರೊಳಗೆ ಸಾಲು. ಉಡಿ ಸಿಗದೆ ಸತ್ತ ಬಸುರಿಗೆ ಉಡಿ ತುಂಬಿದರೆ ತಮ್ಮ ಮನೆಯ ಬಸುರಿಯರಿಗೆ ಕೇಡಿಲ್ಲ ಎಂಬ ಲೆಕ್ಕ. ಸಿನಿಮಾದೊಳಗಿನವರು ತುಂಬಲಿಲ್ಲ, ಅದಕ್ಕೇ ಸತ್ತರು, ನಾವು ತುಂಬುತ್ತೇವೆ. ಮುದ್ದೇಬಿಹಾಳದಲ್ಲಿ, ಬಾಗೇವಾಡಿಯಲ್ಲಿ ನಾವು ಹೋಗುವ ಮೊದಲೇ ಈ ಸುದ್ದಿ ಹೋಗಿತ್ತು. ಇಂಗಳೇಶ್ವರದಿಂದ ಹೆಂಗಸರು ಗಾಡಿ ಕಟ್ಟಿಕೊಂಡು ಬಂದರು. ಆ ಹೊತ್ತಿಗೆ ಪ್ರೊಜೆಕ್ಟರ್ ನಿಲ್ಲಿಸಿ, ಸೆರಗು ಚಾಚಿದ ರೇವವ್ವನನ್ನು ಪರದೆಯ ಮೇಲೆ ಹಾಗೇ ನಿಲ್ಲಿಸಲು ಆಗುತ್ತದೆಯೇ ಎಂದು ಶ್ರೀಶೈಲಪ್ಪನವರು ಕೇಳಿದರು. ರೀಲು ಸುಡುತ್ತದೆ ಎಂದು ಆಪರೇಟರ್ ಹೇಳಿದ್ದಕ್ಕೆ ಸುಮ್ಮನಾದರು. ನಮ್ಮ ಡೇರೆಯಲ್ಲಿ ಎರಡು ತಿಂಗಳು ದಿನವೂ ಕೊಬ್ಬರಿ ಚಟ್ನಿ. ಪರದೆಯ ಅಂಚಿಗೆ ಹತ್ತಿದ ಅರಿಷಿಣ ಹೋಗಲೇ ಇಲ್ಲ.

ಎಪ್ಪತ್ತೇಳರ ಸಂಕ್ರಾಂತಿ ಕಳೆದ ಮೇಲೆ ದೇವರ ಹಿಪ್ಪರಗಿಯಲ್ಲಿ ಡೇರೆ ಹಾಕಿದೆವು. ಮೊದಲ ವಾರ ಜನ ಮುಗಿಬಿದ್ದರು. ಎರಡನೆಯ ವಾರ ಇಳಿಯಿತು. ಏನಾದರೂ ಹೊಸದು ಕೂಗೋ ಮಾರಾಯ, ಅದೇ ಅದೇ ಕೂಗಿದರೆ ನಾಯಿಯೂ ತಿರುಗಿ ನೋಡುವುದಿಲ್ಲ ಎಂದು ಶ್ರೀಶೈಲಪ್ಪನವರು ಬೈದರು. ಸಂತೆಯ ದಿನ. ಟಾಂಗಾ ಜೋಳದ ಸಾಲು ದಾಟಿ ಬಳೆಗಾರರ ಸಾಲಿಗೆ ಬಂತು. ಹಸಿರು ಬಳೆಯ ರಾಶಿ ಕಣ್ಣಿಗೆ ಬಿತ್ತು, ಬಾಯಿ ತಾನೇ ತೆರೆಯಿತು.

‘ಕೇಳ್ರಪೋ ಕೇಳ್ರಿ! ಈ ದೆವ್ವ ಮದ್ರಾಸಿಂದಲ್ಲ, ಬೆಂಗಳೂರಿಂದಲ್ಲ! ನಮ್ಮ ಇಂಡಿ ತಾಲೂಕಿನ ಝಳಕಿ ರೇವವ್ವ! ನಮ್ಮೂರ ದೆವ್ವ, ನಮ್ಮ ದೆವ್ವ, ಬರ್ರಿ ನೋಡ್ರಿ!’

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಾನು ಕರ್ಣದಲ್ಲಿ ಆಡಿದ್ದೆ, ಅದೂ ಆರು ಸಲ. ಕೊಟ್ಟ ಆಣೆ ನೆನಪಾದದ್ದು ಟಾಂಗಾದಿಂದ ಇಳಿದ ಮೇಲೆ.

ಸಂಜೆ ಒಬ್ಬ ತರುಣ ಡೇರೆಗೆ ಬಂದ. ತಲೆಗೆ ಕೆಂಪು ರುಮಾಲು, ಹೆಗಲಿಗೆ ಕಂಬಳಿ, ಮುಖದಲ್ಲಿ ಬಣ್ಣವಿಲ್ಲ. ಹೆಸರು ಅಮೋಘಸಿದ್ಧ ಎಂದ. ‘ಝಳಕಿ ರೇವವ್ವ ಅಂದ್ರ ನಮ್ಮತ್ತಿ ಆಗಬೇಕ್ರಿ. ನೀವು ಕೂಗಿದ್ದು ಖರೇ ಏನ್ರಿ?’ ಎಂದ. ಇಂದ್ರಾಬಾಯಿಯ ಮದುವೆಯಾಗಿದೆ ಎಂದು ಕೇಳಿದ್ದೆ. ಕೊಟ್ಟದ್ದು ಇದೇ ಊರಿಗೆ ಎಂದು ಗೊತ್ತಿರಲಿಲ್ಲ. ಅವಳಿಗೆ ಏಳನೆಯ ತಿಂಗಳಂತೆ. ನಾಲ್ಕು ದಿನಕ್ಕೆ ಕುಬಸ ಇಟ್ಟಿದ್ದಾರೆ, ಅತ್ತೆ ಝಳಕಿಯಿಂದ ಸೀರೆ ತರುತ್ತಾಳೆ, ಆಮೇಲೆ ಚೊಚ್ಚಲ ಹೆರಿಗೆಗೆ ಮಗಳನ್ನು ಕರೆದೊಯ್ಯುತ್ತಾಳೆ. ಅಷ್ಟು ಹೇಳಿ ಹುಡುಗ ನನ್ನ ಮುಖ ನೋಡಿದ. ನಾಳೆ ಮನೆಗೇ ಬಂದು ಎಲ್ಲ ಬಿಡಿಸಿ ಹೇಳುತ್ತೇನೆ ಎಂದೆ.

ಅಲ್ಲಿಗೆ ನಾನು ಹೋಗದೇ ಇದ್ದಿದ್ದರೆ ಚೆನ್ನಾಗಿತ್ತು. ಅಮೋಘಸಿದ್ಧನ ತಾಯಿ ಮಾಳವ್ವ ಅಂಗಳದಲ್ಲಿ ಕೂತು ಉಣ್ಣೆ ಹಿಂಜುತ್ತಿದ್ದಳು. ಕೆಟ್ಟ ಹೆಂಗಸಲ್ಲ. ನೀರು ಕೊಟ್ಟಳು, ಬೆಲ್ಲ ಕೊಟ್ಟಳು. ಅವಳಿಗೆ ಸಿಟ್ಟೂ ಬಂದಿರಲಿಲ್ಲ.

‘ವಾಡೇದ ದೆವ್ವ ಆಕಿ ಮೈಯಾಗ ಬಂದು ಸಿನಿಮಾದಾಗ ನಿಂತೈತಿ, ಅಷ್ಟ ಅಲ್ಲೇನ್ರಿ? ಹಾಳ ವಾಡೆಕ್ಕ ಹೋದಾಕಿಗೆ ಬರಲಾರದ ಇರತೈತೇನು? ನಾ ಮೊನ್ನಿ ಸೊಸಿ ಹೆಸರಿಲೆ ಉಡಿ ತುಂಬಿ ಬಂದೇನಿ. ದೆವ್ವ ಶಾಂತ ಆಗಿರತೈತಿ. ಬೀಗತಿ ಬರಲಿ, ಪೂಜಾರಿ ಕಡಿಂದ ಅರಿಷಿಣ ಭಂಡಾರ ಹಚ್ಚಿಸಿ ಒಳಗ ಕರಕೊಂತೇವಿ.’

ಹೌದು ಎಂದು ಬೆಲ್ಲ ತಿಂದು ಎದ್ದುಬಂದಿದ್ದರೆ ಇವತ್ತು ಈ ಕತೆಯೇ ಇಲ್ಲ. ಆದರೆ ನಾನು ಸಿನಿಮಾದವನಲ್ಲವೇ, ತಿಳಿದವನಲ್ಲವೇ! ‘ಛೇ ಛೇ, ಯಾವ ದೆವ್ವೂ ಇಲ್ಲಬೇ. ನಾ ಅಲ್ಲೇ ಇದ್ದೆ. ಮುಖಕ್ಕ ಬಣ್ಣ ಹಚ್ಚಿದರು, ಬಳಿ ಇಡಿಸಿದರು, ಚಪ್ಪಲಿ ತಿರುವಿ ಕಟ್ಟಿದರು. ಹುಷಾರಾಗೇ ಇದ್ದಳು. ಉಡಿ ತುಂಬಿಸಿಕೊಂಡಾಕಿ ನಿಮ್ಮ ಬೀಗತೀನ, ಬರೇ ಬೀಗತಿ, ಮತ್ತ ಯಾರೂ ಅಲ್ಲ’ ಎಂದು ನಕ್ಕೆ.

ಮಾಳವ್ವನ ಕೈ ಉಣ್ಣೆಯಲ್ಲಿ ನಿಂತುಬಿಟ್ಟಿತು.

‘ಹಂಗಾರ ನಾ ಯಾರ ಉಡಿ ತುಂಬಿದೆ?’ ಎಂದಳು.

ನನಗೆ ಆಗಲೂ ತಿಳಿಯಲಿಲ್ಲ. ಅವಳೇ ಹೇಳಿದಳು. ‘ಗಂಡ ಸತ್ತಾಕಿ ಉಡಿ ತುಂಬಿದೆ. ನನ್ನ ಕೈಯಾರೆ ತುಂಬಿದೆ. ನನ್ನ ಸೊಸಿ ಬಸಿರಿನ ಹೆಸರು ಹೇಳಿ ತುಂಬಿದೆ. ಯವ್ವಾ, ನಾ ಏನ ಮಾಡಿಕೊಂಡು ಕುಂತೆ!’

ದೆವ್ವವನ್ನು ಓಡಿಸಲು ಹೋಗಿ ನಾನು ಅದಕ್ಕಿಂತ ಕೆಟ್ಟದ್ದನ್ನು ಆ ಮನೆಯೊಳಗೆ ಕೂರಿಸಿ ಬಂದಿದ್ದೆ. ದೆವ್ವವಾಗಿದ್ದರೆ ಉಡಿ ಮುಟ್ಟಬೇಕಾದಲ್ಲಿ ಮುಟ್ಟಿತ್ತು. ವಿಧವೆಯಾದರೆ ಅದೇ ಉಡಿ ಸೊಸೆಯ ಹೊಟ್ಟೆಗೆ ಶಾಪ. ಸಂಜೆಯೊಳಗೆ ಅವರ ಪೂಜಾರಿ ಸೋಮನಿಂಗ ಹಿರಿಯರನ್ನು ಕೂಡಿಸಿದ. ರೇವವ್ವ ಬಂದು ದೈವದ ಮುಂದೆ, ಅಂದರೆ ಕೂಡಿದ ಹಿರಿಯರ ಮುಂದೆ, ತಾನೇ ಹೇಳಬೇಕು, ಅಂದು ಬಳೆ ಇಟ್ಟು ಉಡಿ ತುಂಬಿಸಿಕೊಂಡದ್ದು ಅವಳೋ, ದೆವ್ವವೋ. ಅವಳೇ ಎಂದಾದರೆ ಕೇಡಿನ ಬಸಿರು ಈ ಮನೆಯಲ್ಲಿ ಬೇಡ, ಮಗಳನ್ನು ಕರೆದುಕೊಂಡು ಹೋಗಲಿ, ತಿರುಗಿ ಕಳಿಸುವುದು ಬೇಡ. ದೆವ್ವ ಎಂದಾದರೆ ಮಗಳು ಇಲ್ಲೇ ಇರುತ್ತಾಳೆ, ಆದರೆ ಬಸುರಿ ದೆವ್ವ ಹೊಕ್ಕ ಮೈ ಬಸುರಿಯ ಹತ್ತಿರ, ಬಾಣಂತಿಯ ಹತ್ತಿರ, ಕೂಸಿನ ಹತ್ತಿರ ಎಂದೂ ಸುಳಿಯಬಾರದು. ಅಮೋಘಸಿದ್ಧ ಹೆಂಡತಿಯ ಪರವಾಗಿ ಎರಡು ಮಾತು ಆಡಲು ಹೋದ. ಹಿರಿಯರು ಅವನ ಬಾಯಿ ಮುಚ್ಚಿಸಿದರು.

ಮೂರನೆಯ ದಿನ ಮಧ್ಯಾಹ್ನ ರೇವವ್ವ ಬಸ್ಸಿಳಿದಳು. ನಾನು ನಿಲ್ದಾಣದಲ್ಲೇ ಕಾಯುತ್ತಿದ್ದೆ. ಕಂಕುಳಲ್ಲಿ ಮಗಳ ಕುಬಸದ ಗಂಟು, ತಲೆಯ ಮೇಲೆ ರೊಟ್ಟಿ, ಹೋಳಿಗೆಯ ಬುಟ್ಟಿ. ನನ್ನನ್ನು ನೋಡಿ ನಕ್ಕಳು. ಖಾಲಿ ಡೇರೆಗೆ ಕರೆದುಕೊಂಡು ಹೋಗಿ, ಕೂರಿಸಿ, ಎಲ್ಲವನ್ನೂ ಹೇಳಿದೆ. ಹೇಳುವಾಗ ನಾನು ಅತ್ತುಬಿಟ್ಟೆ. ಅವಳು ಅಳಲಿಲ್ಲ.

‘ನೀ ಹೇಳಬಾರದಿತ್ತು ಯಣ್ಣಾ’ ಎಂದಳು. ಅಷ್ಟೇ ಬೈದದ್ದು.

‘ಖರೇ ಹೇಳಿಬಿಡವ್ವ’ ಎಂದೆ. ‘ಮಗಳನ್ನ ಕರಕೊಂಡು ನಡಿ. ನಾ ಅದೇನಿ. ಹೆಂಗರ ನಡಿತೈತಿ.’

‘ಹೆಂಗರ ನಡಿಯೂದು ನನಗ ಗೊತ್ತೈತಿ. ಹದಿನೈದು ವರ್ಷ ನಡದೇನಿ. ಆಕಿಗೆ ಅದು ಬ್ಯಾಡ. ಗಂಡ ಚಲೋ ಅದಾನ. ನಾ ಹೋದರ ಒಬ್ಬಾಕಿ ಹೋಗತೇನಿ, ಆಕಿ ಬಂದರ ಹೊಟ್ಯಾಗಿನದೂ ಬೀದಿಗೆ ಬರತೈತಿ.’ ಪರದೆಯ ಕಡೆ ತಿರುಗಿ ಕೇಳಿದಳು: ‘ನಾ ಇನ್ನೂ ಆ ಸಿನಿಮಾ ನೋಡಿಲ್ಲ. ಹೆಂಗ ಕಾಣತೇನಿ?’

ಸಂಜೆಯ ಆಟಕ್ಕೆ ಅವಳು ಹೆಂಗಸರ ಕಡೆ ಹಿಂದಿನ ಕಂಬಕ್ಕೆ ಒರಗಿ, ಸೆರಗು ಮುಂದಕ್ಕೆ ಎಳೆದುಕೊಂಡು ಕೂತಳು. ಬೆಕ್ಕು ಬೆಳ್ಳಗಾದಾಗ ಎಲ್ಲರ ಜೊತೆ ನಕ್ಕಳು. ದೆವ್ವ ಬಂತು. ಎಂಟು ಹತ್ತು ಹೆಂಗಸರು ಎದ್ದು ಸಾಲಾಗಿ ಹೋಗಿ ಉಡಿ ತುಂಬಿದರು. ಪರದೆಯ ಮೇಲೆ ಅವಳು ಚಾಚಿದ ಸೆರಗು, ಕೆಳಗೆ ಮುತ್ತೈದೆಯರ ಕೈ. ರೇವವ್ವ ಬಾಯಿಗೆ ಸೆರಗು ತುರುಕಿಕೊಂಡು ಅದನ್ನು ನೋಡಿದಳು. ಆಟ ಮುಗಿದ ಮೇಲೆ, ‘ಎಷ್ಟ ಮಂದಿ ತುಂಬಿದರು ಯಣ್ಣಾ!’ ಎಂದಳು. ‘ದಿನಾ ತುಂಬ್ತಾರೇನು? ಎಲ್ಲಾ ಊರಾಗೂ?’ ಹೌದು ಎಂದೆ. ಅವಳ ಮುಖದಲ್ಲಿ ಆಗ ಕಂಡದ್ದು ಸಂತೋಷ. ನಾನು ಅದನ್ನು ಬೇರೆ ಹೆಸರಿನಿಂದ ಕರೆಯಲಾರೆ. ಆಮೇಲೆ ಎದ್ದು, ನನ್ನ ಎದುರಿಗೆ ನಿಂತು, ‘ಆಕಿ ಕೈ ಹಿಂಗ ಎತ್ತತಾಳ, ಹೌದಲ್ಲ? ಕುತ್ತಿಗಿ ಹಿಂಗ ಒಂದು ಕಡೆ ವಾರಿ ಮಾಡತಾಳ?’ ಎಂದು ತೋರಿಸಿದಳು. ಇನ್ನೂ ಸ್ವಲ್ಪ ನಿಧಾನ ಎಂದು ನಾನೇ ತಿದ್ದಿಕೊಟ್ಟೆ.

ಮರುದಿನ ಬೆಳಿಗ್ಗೆ ಮಾಳವ್ವನ ಅಂಗಳದಲ್ಲಿ ಕಂಬಳಿ ಹಾಸಿ ಹಿರಿಯರು ಕೂತಿದ್ದರು. ಇಂದ್ರಾಬಾಯಿ ಗಂಡನ ಹಿಂದೆ ಬಾಗಿಲಲ್ಲಿ ನಿಂತಿದ್ದಳು, ತುಂಬಿದ ಹೊಟ್ಟೆ. ತಾಯಿಯನ್ನು ಕಂಡೊಡನೆ ‘ಯವ್ವಾ’ ಎಂದು ಹೊಸ್ತಿಲು ದಾಟಿ ಬಂದಳು. ರೇವವ್ವ ಅವಳನ್ನು ನೋಡಿದಳು. ಎಷ್ಟು ಹೊತ್ತು ನೋಡಿದಳೋ, ನನಗೆ ಅದನ್ನು ನೋಡಲಾಗಲಿಲ್ಲ. ಕುಬಸದ ಗಂಟನ್ನು ನೆಲಕ್ಕಿಟ್ಟಳು.

ಸೋಮನಿಂಗ ಪೂಜಾರಿ ಕೇಳಿದ: ‘ಹೇಳವ್ವ. ಅವತ್ತು ಬಳಿ ಇಟಗೊಂಡಾಕಿ ಯಾರು?’

ರೇವವ್ವ ಒಂದು ಹೆಜ್ಜೆ ಮುಂದೆ ಬಂದಳು. ತುರುಬಿಗೆ ಕೈ ಹಾಕಿ ಬಿಚ್ಚಿದಳು. ಚುರುಗುಟ್ಟುವ ಬಿಸಿಲಿನಲ್ಲಿ ಆ ಕೂದಲು ಮೊಣಕಾಲಿಗೆ ಬಂತು. ಕುತ್ತಿಗೆ ಒಂದು ಕಡೆಗೆ ವಾಲಿತು. ಆಮೇಲೆ ಬಂದ ದನಿ ಸಿನಿಮಾದ್ದಲ್ಲ, ಹುಬ್ಬಳ್ಳಿಯ ಹೆಂಗಸಿನದಲ್ಲ. ರೇವವ್ವನದೇ ದನಿ, ನಾನು ಎಂದೂ ಕೇಳಿರದ ದನಿ.

‘ನಾ ವಾಡೇದ ಸೊಸಿ. ನನ್ನ ಬಾವಿಗೆ ನೂಕ್ಯಾರ. ಈಕಿ ನೀರ ತರಾಕ ಬಂದಿದ್ಲು, ಈಕಿ ಮೈ ಖಾಲಿ ಇತ್ತು, ನಾ ಹೊಕ್ಕೇನಿ. ಬಳಿ ಇಟಗೊಂಡಾಕಿ ನಾ. ಉಡಿ ತಗೊಂಡಾಕಿ ನಾ. ಮಾಳವ್ವ ಕೊಟ್ಟ ಅಕ್ಕಿ ನನ್ನ ಹೊಟ್ಯಾಗ ಅದಾವ!’

ಮಾಳವ್ವ ಕೈ ಮುಗಿದು ನೆಲಕ್ಕೆ ಬಿದ್ದಳು. ಹಿರಿಯರಲ್ಲಿ ಇಬ್ಬರು ಎದ್ದು ನಿಂತರು. ಪೂಜಾರಿ ನನ್ನ ಕಡೆ ತಿರುಗಿದ. ‘ನೀ ಮೊನ್ನಿ ದೆವ್ವ ಇಲ್ಲ ಅಂದಿದ್ದಿ. ಈಗೇನಂತಿ?’

ಸುಳ್ಳು, ಎಲ್ಲ ಸುಳ್ಳು, ನಿನ್ನೆ ಸಂಜೆ ನಾನೇ ಕೈ ಹೇಗೆ ಎತ್ತಬೇಕೆಂದು ಹೇಳಿಕೊಟ್ಟೆ ಎಂದು ಕೂಗಬೇಕೆನ್ನಿಸಿತು. ಹದಿನಾಲ್ಕು ವರ್ಷ ಕೂಗಿದ ಗಂಟಲು. ಕೂದಲ ನಡುವಿನಿಂದ ರೇವವ್ವನ ಒಂದು ಕಣ್ಣು ನನ್ನನ್ನು ನೋಡುತ್ತಿತ್ತು.

‘ನನಗ ತಿಳೀಲಿಲ್ರಿ’ ಎಂದೆ. ‘ದೆವ್ವನ ಇರಬೇಕು.’

ಆಗ ರೇವವ್ವ ಮಗಳ ಕಡೆ ತಿರುಗಿದಳು. ಇಂದ್ರಾಬಾಯಿ ಅಂಗಳದ ನಡುವೆ ಅರ್ಧ ದಾರಿಯಲ್ಲಿ ನಿಂತುಬಿಟ್ಟಿದ್ದಳು. ರೇವವ್ವ ಒಂದೊಂದೇ ಹೆಜ್ಜೆ ಹಾಕುತ್ತ ಅವಳ ಹತ್ತಿರ ಹೋಗಿ, ಎರಡೂ ಕೈಯಲ್ಲಿ ಸೆರಗು ಚಾಚಿದಳು. ‘ನನ್ನ ಉಡಿ ತುಂಬು’ ಎಂದಳು. ಮಗಳು ತಾಯಿಯ ಮುಖದಲ್ಲಿ ತಾಯಿಯನ್ನು ಹುಡುಕಿದ್ದನ್ನು ನಾನು ನೋಡಿದೆ. ಸಿಗಲಿಲ್ಲ. ಚೀರಿದಳು. ಸೆರಗಿನಿಂದ ಹೊಟ್ಟೆ ಮುಚ್ಚಿಕೊಂಡು ಹಿಂದೆ ಹಿಂದೆ ಸರಿದು, ಎಡವಿ, ಗಂಡನ ಬೆನ್ನ ಹಿಂದೆ ಸೇರಿದಳು. ಅಮೋಘಸಿದ್ಧ ಅವಳನ್ನು ಒಳಗೆ ಕರೆದೊಯ್ದು ಬಾಗಿಲು ಹಾಕಿದ. ಪೂಜಾರಿ ರೇವವ್ವನ ಹಣೆಗೆ ಮುಷ್ಟಿ ತುಂಬ ಭಂಡಾರ ಎರಚಿ, ಸೊಸೆ ಈ ಮನೆಯವಳೇ, ಈ ಮೈ ಮಾತ್ರ ಇನ್ನು ಈ ಹೊಸ್ತಿಲ ಹತ್ತಿರ ಬರಕೂಡದು ಎಂದು ತೀರ್ಪು ಹೇಳಿದ. ಕುಬಸದ ಗಂಟನ್ನೂ ಯಾರೂ ಮುಟ್ಟಲಿಲ್ಲ, ಅದು ಅಂಗಳದಲ್ಲೇ ಬಿದ್ದಿತ್ತು.

ಬಸ್ ನಿಲ್ದಾಣದ ತನಕ ಜೊತೆಗೆ ಹೋದೆ. ಹಾದಿಯಲ್ಲಿ ಕಂಡವರು ದೂರ ಸರಿದು ನಿಂತರು. ಸಿಂದಗಿಯ ಬಸ್ಸು ಬರಲು ಹೊತ್ತಿತ್ತು. ರೇವವ್ವ ಕಟ್ಟೆಯ ಮೇಲೆ ಕೂತು ಕೂದಲು ಒಟ್ಟುಮಾಡಿ ತುರುಬು ಕಟ್ಟಿಕೊಂಡಳು. ಎರಡು ಸಲ ಬಿಚ್ಚಿತು. ನಾನು ನೀರು ತಂದುಕೊಟ್ಟೆ. ಕುಡಿದು, ಬಾಯಿ ಒರೆಸಿಕೊಂಡು, ಬಹಳ ಹೊತ್ತು ಬಂದ ದಾರಿಯನ್ನೇ ನೋಡಿದಳು.

‘ಇಂದ್ರಾ ಹೆದರಿದಳೇನು ಯಣ್ಣಾ?’ ಎಂದಳು.

ಸುಳ್ಳು ಹೇಳಲು ನನಗೆ ಆಗಲಿಲ್ಲ. ‘ಹೆದರಿದಳವ್ವ’ ಎಂದೆ.

‘ಖರೇನ ಹೆದರಿದಳು?’

‘ಖರೇನ.’

‘ಚಲೋ ಆತು ಬಿಡು’ ಎಂದಳು ರೇವವ್ವ. ‘ಹೆದರಲಿಲ್ಲ ಅಂದ್ರ ನನ್ನ ಹುಡುಕಿಕೊಂಡು ಬರತಿದ್ಲು.’